ಒಣ ಹಾಸಿಗೆಯ ಮರ್ಯಾದೆ

ಬಿಜೂರಿನ ಚಂದಯ್ಯನ ಮನೆಯಲ್ಲಿ ಆಸ್ರಿಗೆ ಕೊಡದೆ ಯಾರನ್ನೂ ಕಳಿಸಿದ್ದಿಲ್ಲ. ನೆಂಟರಿರಲಿ, ಮೀನು ಮಾರುವವಳಿರಲಿ, ಮೆಟ್ಟಿಲು ಹತ್ತುವ ಮೊದಲೇ ಒಂದು ತುಂಡು ಬೆಲ್ಲ, ಒಂದು ಚೊಂಬು ತಣ್ಣನೆಯ ನೀರು ಸಿದ್ಧ. ನಲವತ್ತು ವರ್ಷದಿಂದ ಅದನ್ನು ಕೊಟ್ಟುಕೊಂಡು ಬಂದವಳು ಅವನ ಹೆಂಡತಿ ಸರಸ.

ನೀರು ಕುಡಿದ ನೆಂಟರು ನೇರ ಹೋಗುವುದು ಅಪ್ಪಿಯಮ್ಮನ ಕೋಣೆಗೆ. ಚಂದಯ್ಯನ ತಾಯಿ, ಎಂಬತ್ತಾರು ವರ್ಷ. ಸೊಂಟ ಮುರಿದುಕೊಂಡು ಮಲಗಿ ಆರು ತಿಂಗಳಾಯಿತು. ಬಂದವರು ಮುದುಕಿಯ ಕೈ ಹಿಡಿಯುವ ಮುಂಚೆ ಹಾಸಿಗೆ ಮುಟ್ಟಿ ನೋಡುತ್ತಾರೆ. ಆಮೇಲೆ, "ಎಷ್ಟ್ ಚೆಂದ ಕಂಡ್ಕಂತಿದ್ದಿ ಸರಸ! ಒಂಚೂರ್ ವಾಸ್ನಿ ಇಲ್ಲೆ ಮಾರಾಯ್ತಿ" ಅನ್ನುತ್ತಾರೆ. ಅದನ್ನು ಕೇಳಿದರೆ ಸರಸಳಿಗೆ ಅರ್ಧ ಹೊಟ್ಟೆ ತುಂಬುತ್ತದೆ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಹಾಸಿಗೆ ಒಣಗಿರುವುದಕ್ಕೆ ಕಾರಣ ಮನೆಯ ಹಳೆಯ ಕಟ್ಟಳೆ. ದೀಪ ಹಚ್ಚಿದ ಮೇಲೆ ಮಲಗಿದವರಿಗೆ ನೀರಿಲ್ಲ. ಹಗಲಲ್ಲೂ ಮಾತ್ರೆ ನುಂಗುವಷ್ಟೇ. ಅಪ್ಪಿಯಮ್ಮನೇ ತನ್ನ ಅತ್ತೆಯನ್ನು ಹಾಗೆ ನೋಡಿಕೊಂಡವಳು. ಈಗ ಸರಸ ಲೋಟ ಹಿಡಿದರೂ, "ಬ್ಯಾಡ ಹೆಣ್ಣೆ, ನಿಂಗೇ ಉಪದ್ರ" ಎಂದು ತುಟಿ ಬಿಗಿಯುತ್ತಿದ್ದಳು. ಪೇಟೆಯ ಏಜೆನ್ಸಿ ಕಳಿಸಿದ ಹೋಮ್ ನರ್ಸ್ ಪದ್ದುವಿಗಂತೂ ಈ ಕಟ್ಟಳೆ ಹಬ್ಬ. ಒಗೆಯುವ ಕೆಲಸವೇ ಇಲ್ಲ! ಅವಳಿಗೆ ರೋಗಿಯನ್ನು ನೋಡಿಕೊಳ್ಳುವುದನ್ನು ಯಾರೂ ಕಲಿಸಿರಲಿಲ್ಲ, ಕಲಿತಿದ್ದೀಯಾ ಎಂದು ಯಾರೂ ಕೇಳಿರಲೂ ಇಲ್ಲ. ಚಂದಯ್ಯ ಏಜೆನ್ಸಿಗೆ ಕೇಳಿದ್ದು ಎರಡೇ ಪ್ರಶ್ನೆ: ಮೀನು ತಿನ್ನುತ್ತಾಳಾ? ಹಾಸಿಗೆ ಚೊಕ್ಕ ಇಡುತ್ತಾಳಾ? ತೋಟಕ್ಕೆ ಪಂಪು ತರುವಾಗ ಇದೇ ಮನುಷ್ಯ ನಾಲ್ಕು ಅಂಗಡಿ ಸುತ್ತಿದ್ದ.

ಪದ್ದು ತಂಗಿಯ ಮದುವೆಗೆಂದು ಊರಿಗೆ ಹೋದ ವಾರವೇ ಅಪ್ಪಿಯಮ್ಮನ ಮಾತು ದಾರಿ ತಪ್ಪಿತು. ಸತ್ತು ಮೂವತ್ತು ವರ್ಷವಾದ ಗಂಡನನ್ನು ಊಟಕ್ಕೆ ಕರೆಯತೊಡಗಿದಳು. ಬಾಗಿಲಲ್ಲಿ ಅಕ್ಕ ಕೂತಿದ್ದಾಳೆ, ಚಾಪೆ ಹಾಕು ಅಂದಳು. ಆ ಅಕ್ಕನೂ ತೀರಿಹೋದವಳೇ.

"ಯಮನ ಕರಿ ಬಂತ್. ಇನ್ನ್ ಎರಡ್ ದಿನ" ಅಂದ ಚಂದಯ್ಯ, ಮುಂಬಯಿಯ ತಂಗಿ ಸರೋಜಳಿಗೆ ಫೋನು ಮಾಡಿದ.

ಸರಸ ಅತ್ತೆಯ ಕಾಲು ಹಿಡಿದುಕೊಂಡು ಅತ್ತಳು. ಹೊಸ ಸೊಸೆಯಾಗಿ ಬಂದಾಗ, ಗಂಡಸರ ಊಟ ಮುಗಿದು ಪಾತ್ರೆ ಬರಿದಾದ ಹೊತ್ತಿಗೆ, ಅನ್ನದ ಅಡಿಯಲ್ಲಿ ಹುರಿದ ಬಂಗುಡೆ ಅಡಗಿಸಿಟ್ಟು ಬಡಿಸುತ್ತಿದ್ದ ಅತ್ತೆ ಇವಳು. ಅವಳಿಲ್ಲದ ಮನೆ ಹೇಗಿರುತ್ತದೋ ಸರಸಳಿಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಪದ್ದುವಿನ ಬದಲಿಗೆ ಶಿರೂರಿನ ಗಿರಿಜಾ ಬಂದಳು. ಕೊಟ್ಟ ಬೆಲ್ಲ ನೀರು ಕುಡಿದು ಒಳಗೆ ಹೋದವಳು ಹಾಸಿಗೆ ಮುಟ್ಟಲಿಲ್ಲ. ಮುದುಕಿಯ ಮುಂಗೈಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟಳು. ಎದ್ದ ಚರ್ಮ ಹಾಗೇ ನಿಂತಿತು.

"ನಿನ್ನೆಯಿಂದ ಎಷ್ಟ್ ಸಲ ಮೂತ್ರ ಹೋಯಿರ್ ಅಕ್ಕಾ?"

"ಒಂದೇ ಸಲ" ಅಂದಳು ಸರಸ, ಹೆಮ್ಮೆಯಿಂದಲೇ.

"ಬಣ್ಣ?"

"ಕಷಾಯದಂಗೆ."

"ಇದ್ ಯಮನ ಕರಿ ಅಲ್ಲ ಅಕ್ಕಾ, ಆಸರ್. ಅಜ್ಜಿ ಮೈಯಲ್ಲ್ ನೀರೇ ಇಲ್ಲೆ, ಅದ್ಕೇ ಹೀಂಗ್ ಮಾತಾಡೂದ್. ಈಗ್ಲೇ ಡಾಕ್ಟ್ರಿಗೆ ಫೋನ್ ಮಾಡಿ."

ಬಾಗಿಲಲ್ಲಿ ನಿಂತಿದ್ದ ಚಂದಯ್ಯ ಸಿಡಿದ. "ನಮ್ ಹಿರಿಯರೆಲ್ಲ ದಡ್ಡರಾ? ಮುಂಚಿಂದ ಹೀಂಗೇ ಮಾಡ್ಕಂಡ್ ಬಂದದ್."

"ದಡ್ಡರಲ್ಲ ಅಣ್ಣಾ. ಅವ್ರ್ ಬಾವಿಂದ ನೀರ್ ಸೇದಿ ಕೈಯಲ್ಲೇ ಬಟ್ಟಿ ಒಗೀಕಿದ್ದಿತ್. ನಿಮ್ಮನೆಯಂಗೆ ಮಿಷನ್ ಇತ್ತಲೆ? ನಾನ್ ಇವತ್ ಬಂದವ್ಳ್, ನಂಗ್ ಆಸ್ರಿಗ್ ಕೊಟ್ರಿ. ಅಜ್ಜಿಗೆ ಕೇಳಿರ್ಯಾ? ನೀರ್ ಕೊಡುಕಾಗ ಅಂದ್ರೆ ನಾನ್ ಈಗ್ಲೇ ಹೋತೆ."

"ಹೋಗ್!" ಅಂದ ಚಂದಯ್ಯ.

ಸರಸ ಎದ್ದಳು. ಗಂಡನ ಮುಖವನ್ನೂ ನೋಡದೆ ಅಡಿಗೆಮನೆಯಿಂದ ಲೋಟ, ಚಮಚ ತಂದು ಗಿರಿಜಾಳ ಕೈಗಿಟ್ಟು, ತಾನೇ ಡಾಕ್ಟರಿಗೆ ಫೋನು ಮಾಡಿದಳು. ಗಿರಿಜಾ ಮುದುಕಿಯ ತಲೆಯೆತ್ತಿ ದಿಂಬು ಕೊಟ್ಟು, ನೆತ್ತಿಗೇರದ ಹಾಗೆ ಒಂದೊಂದೇ ಚಮಚ ಕುಡಿಸಿದಳು. ಡಾಕ್ಟರು ಬಂದು ನೀರು ಸಾಲದೆ ಮೂತ್ರದ ಸೋಂಕಾಗಿದೆ ಎಂದು ಮದ್ದು ಬರೆದು, ಡ್ರಿಪ್ ಹಾಕಿ, "ಇನ್ನೆರಡು ದಿನ ತಡವಾಗಿದ್ದರೆ ನನ್ನ ಕೈಯಲ್ಲಿರಲಿಲ್ಲ" ಅಂದರು. ಚಂದಯ್ಯ ಆ ಹೊತ್ತು ಊಟ ಮಾಡಲಿಲ್ಲ.

ನಾಲ್ಕನೆಯ ದಿನ ಅಪ್ಪಿಯಮ್ಮ ಕಣ್ಣು ಬಿಟ್ಟು, "ಸರಸಾ, ಇವತ್ ಎಂತ ಮೀನ್?" ಅಂದಳು. ಸರಸ ನಗುತ್ತ ನಗುತ್ತಲೇ ಅತ್ತುಬಿಟ್ಟಳು.

ಆದರೆ ನೀರು ಕುಡಿದ ಮೇಲೆ ಹಾಸಿಗೆ ಒದ್ದೆಯಾಗದೆ ಇರುತ್ತದೆಯೇ? ದಿನಕ್ಕೆ ನಾಲ್ಕೈದು ಬೆಡ್‌ಶೀಟು. "ಹಿಂದ್ಗಡೆ ಕೊಟ್ಗಿ ಹತ್ರ ಒಣಗ್ಸ್. ಕಂಡವ್ರ್ ಎಂತ ಹೇಳೂದ್?" ಅಂದ ಚಂದಯ್ಯ. ಕೊಟ್ಟಿಗೆ ಹತ್ತಿರ ಬಿಸಿಲೆಲ್ಲಿ? ಸರಸ ರಸ್ತೆಗೆ ಕಾಣುವ ಹಾಗೆ ಅಂಗಳದಲ್ಲೇ ಹಗ್ಗ ಕಟ್ಟಿದಳು.

ತಾಯಿಯ ಕೊನೆಗಾಲಕ್ಕೆಂದು ಹೊರಟರೂ ರೈಲಿನ ಟಿಕೆಟ್ ಸಿಗದೆ ತಡವಾದ ಸರೋಜ ಮುಂಬಯಿಯಿಂದ ಬಂದಿಳಿದದ್ದು ಆ ಹೊತ್ತಿಗೇ. ಆಸ್ರಿಗೆಯ ಲೋಟ ಹಿಡಿದು ಹಗ್ಗವನ್ನೇ ನೋಡಿ ಮೂಗು ಮುರಿದಳು. "ಎಂತ ಅತ್ಗೆ ಇದ್? ಈ ಹೊಸ ನರ್ಸ್ ಸಮ ಇಲ್ಲ್ಯಾ? ಮುಂಚಿನವ್ಳ್ ಎಷ್ಟ್ ಚೊಕ್ಕ ಇಟ್ಕಂಡಿದ್ದಳ್!"

ಸರಸ ಒದ್ದೆ ಬಟ್ಟೆ ಹರವುತ್ತಿದ್ದವಳು ಕೈ ಒರೆಸಿಕೊಂಡಳು. "ನನ್ ಹೆತ್ತಮ್ಮ ತೀರಿ ಹೋಪ ಹೊತ್ತಿಗೂ ಹಾಸಿಗಿ ಒಣಗಿಯೇ ಇದ್ದಿತ್ ಸರೋಜಾ. ಕಡಿಗೆ ಅವ್ರೂ ಸತ್ತವ್ರನ್ನೆಲ್ಲ ಕರದ್ರ್. ಕರಿ ಬಂತ್ ಅಂದ್ರ್ ಎಲ್ಲರೂ. ನಾನೇ ಅಮ್ಮನ ಕೈಯಿಂದ ಲೋಟ ತೆಗ್ದಿಟ್ಟವ್ಳ್. ಊರೆಲ್ಲ ನನ್ನ ಹೊಗಳಿತ್." ಮುಂದಿನ ಬೆಡ್‌ಶೀಟು ಕೊಡವಿ ಹಗ್ಗಕ್ಕೆ ಹಾಕಿದಳು. "ಆ ಹೊಗಳಿಕಿ ನಂಗಿನ್ನ್ ಬ್ಯಾಡ" ಅಂದಳು.

ಸರೋಜ ಲೋಟ ಬಾಯಿಗಿಡಲಿಲ್ಲ. ಒಳಗಿನಿಂದ ಅಪ್ಪಿಯಮ್ಮನ ದನಿ ಕೇಳಿತು: "ಯಾರ್ ಬಂದದ್? ಆಸ್ರಿಗ್ ಕೊಟ್ರಿಯಾ?"

"ನಾನ್ ಅಮ್ಮಾ" ಎಂದು ಸರೋಜ ಅದೇ ಲೋಟ ಹಿಡಿದು ಒಳಗೆ ಹೋದಳು. ಚಮಚ ಎಲ್ಲಿದೆ ಎಂದು ಗಿರಿಜಾಳನ್ನು ಕೇಳುವುದು ಅಂಗಳಕ್ಕೂ ಕೇಳಿಸಿತು.

ಪಡುವಣದಲ್ಲಿ ಮೋಡ ಕವಿದಿತ್ತು. ಚಂದಯ್ಯ ಅಂಗಳಕ್ಕಿಳಿದು, ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದಂತೆಯೇ, ತಾಯಿಯ ಬೆಡ್‌ಶೀಟುಗಳನ್ನು ಒಂದೊಂದಾಗಿ ತೆಗೆದು ಹೆಗಲ ಮೇಲೆ ಹಾಕಿಕೊಂಡು ಒಳಗೆ ಬಂದ.