ಪರದೆ ಎಳೆದ ತಪ್ಪು

ಇಬ್ಬರೂ ಮಾಡಿದ್ದು ಒಂದೇ ತಪ್ಪು. ಕಾರ್ಲಿಗೆ ಸೋಮವಾರ ಇನ್ನೊಮ್ಮೆ ಪರೀಕ್ಷೆ ಇಟ್ಟರು. ಲುವೀನಿಯಾಳನ್ನು ಫೇಲು ಮಾಡಿ, ಬರುವ ವರ್ಷ ನೋಡೋಣ ಎಂದರು.

ಮಿಸಿಸಿಪ್ಪಿಯ ಆ ಎರಡು ವರ್ಷದ ನರ್ಸಿಂಗ್ ಕಾಲೇಜಿನಲ್ಲಿ ಗಾಯದ ಪಟ್ಟಿ ಬದಲಿಸುವ ಪರೀಕ್ಷೆಗೆ ಸಹಪಾಠಿಗಳೇ ಸರದಿಯಂತೆ ರೋಗಿಗಳು. ಹೊಟ್ಟೆಗೆ ರಬ್ಬರಿನ ಗಾಯ ಅಂಟಿಸಿಕೊಂಡು ಮಲಗಬೇಕು. ಕ್ರಿಮಿ ಕಳೆದ ಶುದ್ಧ ಬಟ್ಟೆ ಹಾಸಿ ಸಲಕರಣೆ ಜೋಡಿಸಿದ ಮೇಲೆ ಅದಕ್ಕೆ ಬೆನ್ನು ತಿರುಗಿಸಿದರೆ ಮುಗಿಯಿತು, ಕಣ್ತಪ್ಪಿದ್ದೆಲ್ಲ ಮೈಲಿಗೆ. ಲುವೀನಿಯಾ ವೃದ್ಧಾಶ್ರಮದ ರಾತ್ರಿಪಾಳಿಯಲ್ಲಿ ವರ್ಷಗಟ್ಟಲೆ ಮುದುಕರ ಮೈ ತೊಳೆದು ಪಳಗಿದವಳು. ರೋಗಿಯ ಅಂಗಿ ಎತ್ತುವ ಮೊದಲು ಮಂಚದ ಸುತ್ತಲಿನ ಪರದೆ ಅರ್ಧ ತೆರೆದಿರುವುದು ಕಂಡಿತು. ಕೈ ತಾನಾಗಿ ಅತ್ತ ಹೋಯಿತು, ಬೆನ್ನು ಸಲಕರಣೆಯ ಕಡೆ ತಿರುಗಿತು. ಕಾರ್ಲಿಯೂ ಹಾಗೇ ಮಾಡಿದಳು. ಊಟದ ಬಿಡುವಿನಲ್ಲಿ ಅವಳಿಗೆ ಈ ಕೆಲಸ ಕಲಿಸಿದವಳು ಲುವೀನಿಯಾಳೇ.

"ಗಾಬರಿ ಆಯ್ತಲ್ವಾ ಮಗು?" ಎಂದು ಕಾರ್ಲಿಯ ಭುಜ ತಟ್ಟಿದ ಪರೀಕ್ಷಕಿ ಮೇಡಂ ಥ್ರಾಶರ್, ಲುವೀನಿಯಾಳ ಕಡೆ ತಿರುಗಿ, "ಇಷ್ಟು ವರ್ಷ ಕೆಲಸ ಮಾಡಿದೋಳು, ನಿಂಗೆ ಗೊತ್ತಿರ್ಬೇಕಿತ್ತು" ಎಂದಿದ್ದರು.

ಲುವೀನಿಯಾಳ ಹೊಟ್ಟೆ ಉರಿದದ್ದು ಕಾರ್ಲಿಯ ಕಾರು ಕಂಡಲ್ಲ, ಅವಳ ಬಿಳಿ ಬೂಟು ಕಂಡೂ ಅಲ್ಲ. ಅವಳ ನಿದ್ದೆ ಕಂಡು. ರಾತ್ರಿಪಾಳಿ ಅರಿಯದ ಆ ತಿಳಿಗಣ್ಣು ಕಂಡು. ಥ್ರಾಶರ್ ಮೇಡಂ ಜೊತೆ ಓದಿದ ನರ್ಸಮ್ಮ ಅವಳ ತಾಯಿ. ಸಮವಸ್ತ್ರಕ್ಕೆ ಇಸ್ತ್ರಿಯನ್ನೂ ಆಕೆಯೇ ಹಾಕುತ್ತಾಳೆ. ಪದವಿಯ ದಿನ ಮಗಳ ಎದೆಗೆ ನರ್ಸ್ ಬಿಲ್ಲೆ ಚುಚ್ಚುವವಳೂ ಆಕೆಯೇ. ಆಸ್ಪತ್ರೆಯ ನೆಲ ಒರೆಸಿ ಬೆನ್ನು ಬಗ್ಗಿಸಿಕೊಂಡ ಲುವೀನಿಯಾಳ ತಾಯಿ ಅರ್ನೆಸ್ಟಿನ್ ತನ್ನ ಮಗಳ ಅದೇ ದಿನಕ್ಕೆ ತಾನು ತೊಡಲೆಂದು ನೇರಳೆ ಟೋಪಿ ಕೊಂಡಿದ್ದಳು. ಅದು ಇನ್ನೂ ಡಬ್ಬದಲ್ಲೇ ಇದೆ.

ಭಾನುವಾರ ಚರ್ಚಿನಿಂದ ಬಂದವಳೇ ಮಗಳ ಮುಖ ನೋಡಿ, "ಆ ಹುಡುಗೀನ ನೆನ್ಕೊಂಡು ಹೊಟ್ಟೆ ಉರ್ಕೋಬೇಡ ಕಣೆ" ಎಂದಳು.

"ಉರ್ಕೋತೀನಮ್ಮ. ನನ್ನ ಹೊಟ್ಟೆ, ನನ್ನ ಬೆಂಕಿ."

"ಹಂಗಾದ್ರೆ ಅದ್ರ ಮೇಲೆ ಸೊಪ್ಪಾದ್ರೂ ಬೇಯ್ಸು. ಗ್ಯಾಸ್ ಉಳಿಯುತ್ತೆ."

ಸೋಮವಾರ ಕಾಲೇಜಿನ ತನ್ನ ಕಪಾಟು ಖಾಲಿ ಮಾಡಲು ಹೋದವಳನ್ನು ಥ್ರಾಶರ್ ಕೂಗಿ ಕರೆದು ರಬ್ಬರಿನ ಗಾಯವನ್ನು ಕೈಗಿಟ್ಟರು. "ರೋಗಿ ಆಗೋಳು ಬಂದಿಲ್ಲ. ನೀನು ಮಲ್ಕೋ. ಕಾರ್ಲಿಗೆ ನೀನಂದ್ರೆ ಧೈರ್ಯ."

"ಹೂಂ ಮಿಸ್ ಲುವೀನಿಯಾ, ನೀವಿದ್ರೆ ಕೈ ನಡುಗಲ್ಲ" ಎಂದಳು ಕಾರ್ಲಿ. ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಅದು ಇನ್ನಷ್ಟು ಉರಿಸಿತು.

ಲುವೀನಿಯಾ ಮಂಚ ನೋಡಿದಳು, ಅದರ ಮಗ್ಗುಲಿನ ಸಲಕರಣೆಯ ತಟ್ಟೆ ನೋಡಿದಳು. ಮಲಗಿ ಮೊಣಕಾಲು ಒಂದಿಷ್ಟು ಅಲುಗಿಸಿದರೆ ಸಾಕು, ತಟ್ಟೆ ನೆಲಕ್ಕೆ, ಕಾರ್ಲಿಯೂ ಮನೆಗೆ. ಆ ಯೋಚನೆ ಬೆಲ್ಲದಂತೆ ನಾಲಗೆಗೆ ತಾಗಿತು. ಆಮೇಲೆ? ತಟ್ಟೆ ಬಿದ್ದರೂ ಟೋಪಿ ಡಬ್ಬದಲ್ಲೇ ಇರುತ್ತದೆ.

"ಏನು ಯೋಚ್ನೆ? ಬರೋ ವರ್ಷ ನಿನ್ನ ಸೀಟಿಗೆ ಮಾತು ಹೇಳಬೇಕಾದೋಳು ನಾನೇ, ನೆನಪಿರ್ಲಿ" ಎಂದರು ಥ್ರಾಶರ್.

ಲುವೀನಿಯಾ ರಬ್ಬರಿನ ಗಾಯವನ್ನು ದಿಂಬಿನ ಮೇಲಿಟ್ಟಳು. ಪರದೆಯನ್ನು ಪೂರ್ತಿ ಎಳೆದಳು. ನಲ್ಲಿಯ ಹತ್ತಿರ ಹೋಗಿ, ಅಂಗಿಯ ತೋಳು ಮಡಚಿ, ಕೈ ತೊಳೆಯತೊಡಗಿದಳು.

"ಏನ್ಮಾಡ್ತಿದೀಯ?"

"ಪರೀಕ್ಷೆಗೆ ತಯಾರಾಗ್ತಿದೀನಿ ಮೇಡಂ. ಅವಳಿಗೆ ಎರಡನೇ ಸಲ ಇದ್ರೆ ನಂಗೂ ಇದೆ. ರೋಗಿಯಾಗಿ ಅವಳೇ ಮಲಗ್ಲಿ."

"ನಿಂದು ಮುಗ್ದಿದೆ. ಮಲ್ಕೋ ಅಂದೆ."

"ಮಲಗಲ್ಲ" ಎಂದಳು ಲುವೀನಿಯಾ.