ಕಡಲಿಗೊಂದು ವೇಳಾಪಟ್ಟಿ

ಮೇ ತಿಂಗಳ ಮೂರನೇ ತಾರೀಖು, ಬೆಳಗಿನ ಚಹಾ ಕುಡಿಯುತ್ತ ರೆಫಿಕ್ ಹೇಳಿಬಿಟ್ಟ: “ಈ ವರ್ಷ ಎಲ್ಲಿಗೂ ಬೇಡ. ಫಿನಿಕೆಯಲ್ಲೇ ಇದ್ದುಬಿಡೋಣ.”

ಸಬಿಹಾ ತಿರುಗಿ ನೋಡಿದಳು. ಗಂಡನ ಕೈಯಲ್ಲಿದ್ದ ಗಾಜಿನ ಲೋಟ ತಟ್ಟೆಗೆ ಟಣಟಣ ಬಡಿಯುತ್ತಿತ್ತು. ಮೂವತ್ತು ವರ್ಷ ಇಜ್ಮಿರಿನಲ್ಲಿ ಜನರ ಹಲ್ಲು ಕಿತ್ತ ಕೈ ಅದು. ಚಳಿಗಾಲದಲ್ಲಿ ಶುರುವಾದ ನಡುಕಕ್ಕೆ ಡಾಕ್ಟರು ಮಾತ್ರೆ ಕೊಟ್ಟು, ಇದು ಬಿಟ್ಟುಹೋಗುವ ಕಾಯಿಲೆಯಲ್ಲ, ಜೊತೆಗಿಟ್ಟುಕೊಂಡೇ ಬಾಳಬೇಕು ಅಂದಿದ್ದರು.

ಹನ್ನೊಂದು ವರ್ಷದಿಂದ ಅವರಿಬ್ಬರ ಮನೆಯೆಂದರೆ ಈ ಹಾಯಿದೋಣಿಯೇ. ಚಳಿಗಾಲವೆಲ್ಲ ಫಿನಿಕೆಯ ಬಂದರಿನಲ್ಲಿ ತಂಗುವುದು. ಬೇಸಿಗೆ ಬಂತೆಂದರೆ ಕರಾವಳಿ ಹಿಡಿದು ಉತ್ತರಕ್ಕೆ, ಆಯ್ವಲಿಕ್‌ವರೆಗೆ. ಜೂನ್ ಕಳೆದರೆ ಮೆಲ್ತೆಮ್ ಗಾಳಿ ಎದುರಿನಿಂದ ಬಂದು ಎದೆಗೇ ಹೊಡೆಯುತ್ತದೆ, ಅಷ್ಟರೊಳಗೆ ತಲುಪಿಬಿಡಬೇಕು. ದಾರಿ ಗೊತ್ತುಮಾಡುವುದು, ಚುಕ್ಕಾಣಿ ಹಿಡಿಯುವುದು ಇಷ್ಟು ವರ್ಷ ಅವನ ಪಾಲು. ಹಗ್ಗ, ಅಡುಗೆ ಇವಳದು.

ಮರುದಿನ ಅವಳು ನಕ್ಷೆ ಬಿಡಿಸಿಕೊಂಡು ಕೂತಳು. ಇಪ್ಪತ್ತೆರಡು ವರ್ಷ ಶಾಲೆಯ ವೇಳಾಪಟ್ಟಿ ಬರೆದವಳು. ನಲವತ್ತು ಮೇಷ್ಟರುಗಳನ್ನು ಹೊಂದಿಸಿದವಳಿಗೆ ಒಂದು ಗಾಳಿಯನ್ನು ಹೊಂದಿಸುವುದು ಏನು ಮಹಾ? ದಿನಕ್ಕೆ ಇಪ್ಪತ್ತೈದು ಮೈಲಿ ಮೀರುವಂತಿಲ್ಲ. ಬೆಳಗ್ಗೆ ಐದಕ್ಕೆ ಹೊರಟು, ಗಾಳಿ ಏಳುವ ಮೊದಲೇ ಯಾವುದಾದರೂ ಕೊಲ್ಲಿಯಲ್ಲಿ ಲಂಗರು. ಮೂರು ದಿನ ನಡೆದರೆ ಒಂದು ದಿನ ಬಿಡುವು. ಒಟ್ಟು ಇಪ್ಪತ್ತೆರಡು ತಂಗು.

ಬರೆದಿಟ್ಟರೆ ಸಾಲದಲ್ಲ, ದೋಣಿ ನಡೆಸಬೇಕಲ್ಲ. ದಿನಾ ಬೆಳಗ್ಗೆ ಒಬ್ಬಳೇ ಚುಕ್ಕಾಣಿ ಹಿಡಿದು ದೋಣಿಯನ್ನು ಬಂದರಿನ ಹೊರಗೆ ಒಯ್ದು, ತಿರುಗಿಸಿ, ಹಿಮ್ಮುಖವಾಗಿ ತಂದು ಕಟ್ಟುವ ಅಭ್ಯಾಸ ಹಿಡಿದಳು. ಒಂದು ಸಲ ದೋಣಿಯ ಹಿಂಬದಿ ಬಂದರಿನ ಕಲ್ಲುಕಟ್ಟೆಗೆ ಉಜ್ಜಿ ಗೇಣುದ್ದ ಬಣ್ಣ ಹೋಯಿತು.

“ನಿಧಾನ ಅಕ್ಕಾ, ಕಟ್ಟೆ ಸರ್ಕಾರದ್ದು,” ಅಂದ ಪಕ್ಕದ ದೋಣಿಯ ತಲಾತ್.

“ದೋಣಿ ನಂದು. ಬಾಯಿ ಬಿಡೋ ಬದಲು ಹಗ್ಗ ಹಿಡಿ.”

ರೆಫಿಕ್ ಒಳಗೆ ಪೇಪರು ಹಿಡಿದು ಕೂತೇ ಇದ್ದ. ಉಜ್ಜಿದ ಸದ್ದು ಕೇಳಿಯೂ ತಲೆ ಎತ್ತಲಿಲ್ಲ. ಅದು ಅವಳಿಗೆ ಬಣ್ಣ ಹೋದದ್ದಕ್ಕಿಂತ ಹೆಚ್ಚು ಉರಿಯಿತು. ಒಂಬತ್ತನೇ ದಿನ ಮಾತ್ರ ನಕ್ಷೆಯ ಮೇಲೆ ಬಗ್ಗಿ ನೋಡಿದ.

“ಇಲ್ಲಿ ಲಂಗರು ಹಾಕ್ತೀಯಾ? ತಳದಲ್ಲಿ ಬರೀ ಹುಲ್ಲು. ಕಚ್ಚೋದೇ ಇಲ್ಲ.”

“ಮತ್ತೆಲ್ಲಿ ಹಾಕ್ಲಿ?”

“ನಾನು ಬರ್ತೀನಿ ಅಂತ ಯಾರು ಹೇಳಿದ್ರು ನಿಂಗೆ?”

“ಬರದಿದ್ರೆ ಬಸ್ಸಲ್ಲಿ ಬಾ. ಎಲ್ಲಿ ಹಾಕ್ಲಿ, ಅದನ್ನ ಹೇಳು.”

ನಡುಗುವ ಬೆರಳು ಎರಡು ಕೊಲ್ಲಿಗಳ ನಡುವೆ ಓಡಾಡಿತು. “ಎಡಗಡೇದು,” ಅಂದ ಕೊನೆಗೆ. ಅವಳು ಗುರುತು ಹಾಕಿಕೊಂಡಳು.

ಮೇ ಇಪ್ಪತ್ತಕ್ಕೆ ಹೊರಟರು. ಕ್ನಿಡೋಸ್ ಭೂಶಿರದವರೆಗೆ ಪಟ್ಟಿ ಹೇಳಿದಂತೆ ಕಡಲೂ ಕೇಳಿತು. ಅಲ್ಲಿ ಗಾಳಿ ಎದ್ದುಬಿಟ್ಟಿತು. ಎರಡು ದಿನ ಕಾದ ಮೇಲೆ ರೆಫಿಕ್ ಸಿಡಿಮಿಡಿಗೊಂಡ.

“ಇಂಥ ಗಾಳಿಗೆಲ್ಲ ನಾನು ನಿಂತೋನೇ ಅಲ್ಲ.”

“ಗೊತ್ತು. ಆಗೆಲ್ಲ ಒಳಗೆ ಕೂತು ವಾಂತಿ ಮಾಡ್ಕೊಂಡೋಳು ನಾನೇ. ನಾಳೆ ನೋಡೋಣ.”

ಮತ್ತೆರಡು ದಿನ ಕಳೆದು, ಐದನೆಯ ಬೆಳಗ್ಗೆ ಹೊರಟರು. ಭೂಶಿರದ ಮೂತಿ ದಾಟುವಾಗ ಹಳೆಯ ಅಲೆಗಳು ಇನ್ನೂ ಇದ್ದವು, ಗಾಳಿ ಒಮ್ಮೆಲೇ ಏರಿತು. ಹಾಯಿ ಕುಗ್ಗಿಸಬೇಕು, ಅದಕ್ಕೆ ಅವಳು ಹಾಯಿ ಹೊತ್ತ ಕೂವೆಮರದ ಬುಡಕ್ಕೆ ಹೋಗಬೇಕು.

“ಚುಕ್ಕಾಣಿ ಹಿಡಿ,” ಅಂದಳು.

“ನನ್ನ ಕೈಲಿ ಆಗಲ್ಲ ಸಬಿಹಾ.”

“ಕೈಲಿ ಆಗದಿದ್ರೆ ಮೊಣಕೈಲಿ ಹಿಡಿ. ಆ ಬೆಟ್ಟ ನೋಡ್ತಾ ಇರು, ಅಷ್ಟೆ.”

ಅವನು ಚುಕ್ಕಾಣಿಯನ್ನು ಕಂಕುಳಿಗೆ ಅವುಚಿಕೊಂಡ. ದೋಣಿ ಎರಡು ಸಲ ದಿಕ್ಕು ತಪ್ಪಿ ಹಾಯಿ ಪಟಪಟ ಬಡಿಯಿತು. ಅವಳು ಬೈದಳು, ಅವನೂ ತಿರುಗಿ ಬೈದ. ಬೈಯುತ್ತಲೇ ಬೆಟ್ಟದ ಕಡೆ ತಿರುಗಿಸಿದ. ಅವಳು ಒದ್ದೆಮುದ್ದೆಯಾಗಿ ವಾಪಸು ಬಂದಾಗ ಚುಕ್ಕಾಣಿ ಬಿಟ್ಟುಕೊಡಲಿಲ್ಲ. “ಇನ್ನೊಂದು ಸ್ವಲ್ಪ,” ಅಂದ. ಅವಳು ಪಕ್ಕದಲ್ಲಿ ಕೂತು ಕೂದಲು ಹಿಂಡಿಕೊಂಡಳು.

ಜೂನ್ ಇಪ್ಪತ್ತೊಂದಕ್ಕೆ ಫೋಚಾ ಬಂದರು ಕಂಡಿತು. ಮೆಲ್ತೆಮ್ ಈ ಸಲ ಬೇಗ ಬಂದಿತ್ತು. ಆಯ್ವಲಿಕ್‌ಗೆ ಇನ್ನು ಮೂರೇ ತಂಗು.

“ಮೂರೇ ಅಲ್ವಾ?” ಅಂದ ರೆಫಿಕ್.

“ಮೂರೂ ಎದುರುಗಾಳಿ. ಈ ವರ್ಷಕ್ಕೆ ಫೋಚಾ ಸಾಕು,” ಅಂದಳು. ಹೇಳಿದ ಮೇಲೆ ಹಗುರವೆನಿಸಿತು.

ಎರಡು ದೋಣಿಗಳ ಸಂದಿಗೆ ಅವಳು ದೋಣಿಯನ್ನು ಹಿಮ್ಮುಖವಾಗಿ ತಂದಳು. ಕಟ್ಟೆಯ ಮೇಲಿದ್ದವನು ರೆಫಿಕ್‌ನತ್ತ ಕೂಗಿದ: “ಕ್ಯಾಪ್ಟನ್, ಹಗ್ಗ ಎಸೀರಿ.”

“ಕ್ಯಾಪ್ಟನ್ ಅಲ್ಲಿ ಚುಕ್ಕಾಣಿ ಹತ್ರ ಇದ್ದಾರೆ. ನಾನು ಬರೀ ಹಗ್ಗದೋನು,” ಅಂದು ರೆಫಿಕ್ ಎಸೆದ. ಹಗ್ಗ ನೀರಿಗೆ ಬಿತ್ತು. ಎಳೆದುಕೊಂಡು, ಸುತ್ತಿಕೊಂಡು ಮತ್ತೆ ಎಸೆದ. ಈ ಸಲ ಕಟ್ಟೆಯ ಮೇಲಿದ್ದವನ ಕೈಗೆ ಸಿಕ್ಕಿತು.