ಚಿತ್ರದಿಂದ ತೆಗೆದ ಕೈ

ಬೆಟ್ಟದ ಹಟ್ಟಿಯಿಂದ ಬಂದ ಹಾಲ ಊಟಿಯ ಫೋಟೋ ಸ್ಟುಡಿಯೋದಲ್ಲಿ ಕಲಿತದ್ದೆಲ್ಲ ಮರೆಮಾಚುವ ವಿದ್ಯೆ. ದೊರೆಸಾನಿಯ ಕತ್ತಿನ ಸುಕ್ಕು, ತೋಟದ ದೊರೆಯ ಗಲ್ಲದ ಗಂಟು, ಅಳುವ ಮಗುವನ್ನು ಕುರ್ಚಿಯ ಹಿಂದಿನಿಂದ ಹಿಡಿದ ಆಯಾಳ ಬೆರಳು, ಯಾವುದಿದ್ದರೂ ಸರಿ, ಗಾಜಿನ ಪ್ಲೇಟಿನ ಮೇಲೆ ಸಣ್ಣ ಚೂರಿ ಆಡಿಸಿ, ಪೆನ್ಸಿಲ್ ತೀಡಿ, ಅದು ಇರಲೇ ಇಲ್ಲವೆಂಬಂತೆ ಮಾಡಿಬಿಡುತ್ತಿದ್ದ. "ಹಾಲನ ಕೈಗೆ ಸಿಕ್ಕರೆ ಮುದುಕಿಗೂ ಮದುವೆ ವಯಸ್ಸು" ಎಂದು ಯಜಮಾನ ನಗುತ್ತಿದ್ದ. ಹಾಲನೂ ನಗುತ್ತಿದ್ದ. ಆದರೆ ಅಷ್ಟು ಚಿತ್ರ ತೆಗೆದರೂ ಇದು ನನ್ನದು ಎನ್ನುವಂಥದ್ದು ಒಂದೂ ಇಲ್ಲವಲ್ಲ ಎಂಬ ಕೊರಗು ಅವನೊಳಗೆ ಸಣ್ಣ ಜ್ವರದ ಹಾಗೆ ಇದ್ದೇ ಇತ್ತು.

ಆ ವರ್ಷ ಅವನ ಅಣ್ಣ ದೇವ ಮಸಿನಗುಡಿ ಕಡೆ ಮರ ಕಡಿಸುವ ಕೆಲಸಕ್ಕೆ ಹೋಗಿ ಕಾಡುಜ್ವರ ಹಿಡಿದು ಬಂದ. ಹಟ್ಟಿ ಸೇರಿದವನು ಮತ್ತೆ ಏಳಲಿಲ್ಲ. ಸಾವಿನ ಸುದ್ದಿ ಬಂದಾಗ ಹಾಲ ಕ್ಯಾಮರಾ ಕಟ್ಟಿಕೊಂಡೇ ಹೊರಟ. ಏಕೆ ಹೊತ್ತು ತಂದೆ ಎಂದು ಕೇಳಿದ್ದರೆ ಹೇಳಲು ಅವನಿಗೇ ಗೊತ್ತಿರಲಿಲ್ಲ.

ಅಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆನ್ನ ಹಿಂದೆ ಕರಿಕಂಬಳಿ, ಹಣೆಯ ತುಂಬ ವಿಭೂತಿ. ಪಕ್ಕದಲ್ಲಿ ಅತ್ತಿಗೆ ಮಾತಿ, ತುಂಬಿದ ಬಸುರಿ. ಬಸುರಿಯ ಕೊರಳಿಗೆ ಗಂಡ ಕಣ್ಣಿ ಕಟ್ಟಬೇಕು. ಆ ದಾರ ಬಿದ್ದ ಮೇಲೆಯೇ ಹೊಟ್ಟೆಯ ಕೂಸು ಅವನದೆಂದು ಹಟ್ಟಿ ಒಪ್ಪುವುದು. ಕಾಡಿನಿಂದ ಬಂದ ಮೇಲೆ ಕಟ್ಟುತ್ತೇನೆ ಎಂದು ದೇವ ಹೇಳಿ ಹೋಗಿದ್ದ. ಈಗ ಮಣ್ಣು ಮಾಡುವ ಮುಂಚೆ, ಸತ್ತವನ ಕೈಯಿಂದಲೇ ಕಟ್ಟಿಸಬೇಕು.

"ಹಾಲ, ಇದ ಹಿಡಿ ನಿನ್ನ ಪೆಟ್ಟಿಗೆಯಲ್ಲಿ" ಎಂದಳು ಮಾತಿ. ಅತ್ತು ಅತ್ತು ದನಿ ಒಡೆದಿತ್ತು. "ನಾಳೆ ಕೂಸು ಅಪ್ಪ ಎಲ್ಲಿ ಅಂದರೆ ನಾ ಏನ ತೋರಲಿ?"

ದಾರ ಹಿಡಿದು ನಿಂತಿದ್ದ ಹಟ್ಟಿಯ ಹಿರಿಯ ಜೋಗಜ್ಜ ಕ್ಯಾಮರಾವನ್ನು ಮೇಲೆ ಕೆಳಗೆ ನೋಡಿದ. "ಮೂರು ಕಾಲು, ಒಂದು ಕಣ್ಣು. ಆ ಕಣ್ಣಿಗೂ ನೀರು ಬಂದೀತೇನೋ. ಆಗಲಿ, ನಿಲ್ಲಿಸು. ಎನ್ನ ಮೋರೆ ಮಾತ್ರ ಬೇಡಪ್ಪ, ಬಾಯಲ್ಲಿ ಹಲ್ಲಿಲ್ಲೆ."

ಅಜ್ಜ ಪಕ್ಕಕ್ಕೆ ಸರಿದು ನಿಂತು, ದೇವನ ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನಡುವೆ ದಾರ ಇಟ್ಟು, ಆ ಕೈಯನ್ನು ತನ್ನ ಕೈಯಲ್ಲಿ ಎತ್ತಿ ಮಾತಿಯ ಕೊರಳ ತನಕ ಒಯ್ದ. ಹಾಲನ ಬಳಿ ಇದ್ದದ್ದು ಒಂದೇ ಪ್ಲೇಟು. ಕ್ಯಾಮರಾದ ಮುಸುಕಿನೊಳಗೆ ಅತ್ತುಕೊಂಡೇ ತೆಗೆದ.

ಊಟಿಗೆ ಬಂದು ಕತ್ತಲೆ ಕೋಣೆಯಲ್ಲಿ ಪ್ಲೇಟು ತೊಳೆದಾಗ ಚಿತ್ರ ಚೆನ್ನಾಗಿಯೇ ಬಂದಿತ್ತು. ಆದರೆ ಅಂಚಿನಿಂದ ಚಾಚಿ ಬಂದ ಆ ಮುದಿ ಕೈ, ನರ ಎದ್ದ ಕೈ, ಅವನಿಗೆ ಸಹಿಸಲಾಗಲಿಲ್ಲ. ಅತ್ತಿಗೆಗೆ ಇಷ್ಟಾದರೂ ಮಾಡೋಣ ಎಂದುಕೊಂಡ. ಚೂರಿ ತೆಗೆದು ಕುಳಿತ. ಅಜ್ಜನ ಬೆರಳು, ಮಣಿಕಟ್ಟು, ತೋಳು ಒಂದೊಂದಾಗಿ ಕೆರೆದು ಹೋಗಿ ಕಂಬಳಿಯ ಕಪ್ಪಿನಲ್ಲಿ ಸೇರಿದವು. ಕಾಗದಕ್ಕೆ ಇಳಿಸಿದ ಮೇಲೆ ಮುಚ್ಚಿದ ರೆಪ್ಪೆಗಳ ಮೇಲೆ ಕಣ್ಣು ಬರೆದ. ಚಿತ್ರದಲ್ಲಿ ಈಗ ಅಣ್ಣ ತಾನೇ ಕೈ ಎತ್ತಿ ಹೆಂಡತಿಗೆ ಕಣ್ಣಿ ಕಟ್ಟುತ್ತಿದ್ದ. ಇಷ್ಟು ಚೊಕ್ಕ ಕೆಲಸ ಹಾಲ ಎಂದೂ ಮಾಡಿರಲಿಲ್ಲ.

ಚಿತ್ರ ತಂದಾಗ ಹಟ್ಟಿಯಲ್ಲಿ ಹೆಂಗಸರು ಮುತ್ತಿಕೊಂಡರು. "ಅಯ್ಯೋ ಶಿವನೇ, ದೇವ ಎದ್ದು ಕೂತಂಗೆ ಅದೆ!" ಎಂದು ನೆರೆಮನೆಯ ಚಿನ್ನಿ ಬಾಯಿ ಮುಚ್ಚಿಕೊಂಡಳು.

ಮಾತಿ ಚಿತ್ರದ ಅಂಚಿಗೆ ಬೆರಳಿಟ್ಟಳು. "ಅಜ್ಜನ ಕೈ ಎಲ್ಲಿ?"

"ತೆಗೆದೆ, ಅತ್ತಿಗೆ. ಅಣ್ಣನೇ ಕಟ್ಟಿದಂಗೆ ಕಾಣಲಿ ಅಂತ."

"ಅವ ಕಟ್ಟಿಲ್ಲೆ. ಅವನ ಕೈಲಿ ಆಗಿಲ್ಲೆ." ಅವಳ ದನಿ ಏರಲಿಲ್ಲ. "ಎನ್ನ ಕೊರಳಿಗೆ ತಾಗಿದ ಬೆರಳು ಹಳ್ಳದ ಕಲ್ಲಿನಂಗೆ ತಣ್ಣಗಿತ್ತು. ಆದರೂ ಕಟ್ಟಿಸಿದರು. ಈ ಕೂಸು ನಮ್ಮದು ಅಂತ ಹಟ್ಟಿಯೇ ಆ ಕೈಯ ಎತ್ತಿತು. ಅದನ್ನೇ ತೆಗೆದುಬಿಟ್ಟೆಯಾ? ಇದ ನೋಡಿದ ಕೂಸು ಏನ ಕೇಳುತ್ತೆ ಗೊತ್ತಾ? ಅಪ್ಪ ಇಷ್ಟು ಗಟ್ಟಿಯಾಗಿ ಕೂತವ್ನಲ್ಲ, ಎನ್ನ ಬಿಟ್ಟು ಯಾಕೆ ಹೋದ ಅಂತ."

"ಕಣ್ಣು ಅಳಿಸಿ ಕೊಡುವೆ, ಅತ್ತಿಗೆ."

"ಕೈ?"

ಕೆರೆದ ಗಾಜಿನಲ್ಲಿ ಹೋದದ್ದು ಮತ್ತೆ ಹುಟ್ಟುವುದಿಲ್ಲ.

ಮಾತಿ ಚಿತ್ರವನ್ನು ಅವನ ಮಡಿಲಿಗೇ ಇಟ್ಟು ಒಳಗೆ ಹೋದಳು. ಹೆಂಗಸರು ಒಬ್ಬೊಬ್ಬರಾಗಿ ಚದುರಿದರು. ಅಂಗಳದಲ್ಲಿ ಅವನೊಬ್ಬನೇ ಉಳಿದ.

ಆಮೇಲೆ ಹಾಲನಿಗೆ ಚೂರಿ ಓಡಲಿಲ್ಲ. ಒಬ್ಬ ದೊರೆಯ ಮಗುವಿನ ಚಿತ್ರದಲ್ಲಿ ಆಯಾಳ ಬೆರಳು ಹಾಗೆಯೇ ಉಳಿಯಿತು.

"ಇದೇನೋ ಇದು?" ಎಂದ ಯಜಮಾನ.

"ಅವಳು ಹಿಡಿದಿದ್ದಳು, ಸ್ವಾಮಿ."

"ಹಿಡಿದಿದ್ದಳು ಅಂತ ನನಗೆ ಗೊತ್ತಿಲ್ಲವೇನೋ? ಅದು ಕಾಣಬಾರದು ಅಂತಲೇ ನಿನ್ನ ಇಟ್ಟುಕೊಂಡಿರುವುದು!"

ಸ್ಟುಡಿಯೋ ಬಿಟ್ಟ ಹಾಲ ಮಾರ್ಕೆಟ್ಟಿನ ಹಿಂದೆ ತಗಡಿನ ಸೂರು ಹಾಕಿಕೊಂಡ. ಅಲ್ಲಿ ಬಣ್ಣದ ಪರದೆ ಇರಲಿಲ್ಲ. ಮುದುಕಿಯನ್ನು ಹಿಡಿದು ನಿಲ್ಲಿಸಿದ ಸೊಸೆಯ ತೋಳು, ಕುಂಟನಿಗೆ ಆಸರೆಯಾದ ತಮ್ಮನ ಹೆಗಲು, ಎಲ್ಲ ಚಿತ್ರದೊಳಗೇ ಇದ್ದವು. ಅಂಚಿನಲ್ಲಿ ಉಳಿದ ಕೈ ನೋಡಿ ಇದು ಹಾಲನದು ಎಂದು ಜನ ಗುರುತಿಸತೊಡಗಿದರು. ಬರುವವರು ಕಡಿಮೆ. ತನ್ನದೊಂದು ರೀತಿ ಸಿಕ್ಕಿತ್ತು; ಅದಕ್ಕಾಗಿ ತೆತ್ತದ್ದು ಅಣ್ಣನ ಚಿತ್ರವನ್ನು.

ಮರುವರ್ಷ ಮಾತಿ ಸಂತೆಗೆ ಬಂದವಳು ಸೂರಿನ ಮುಂದೆ ನಿಂತಳು. ಸೊಂಟದಲ್ಲಿ ಹೆಣ್ಣುಕೂಸು. ಅಣ್ಣನದೇ ಹುಬ್ಬು. ಕೂಸಿನ ಚಿತ್ರ ತೆಗೆಯಲೇ ಎಂದು ಹಾಲನೇ ಕೇಳಿಕೊಂಡ. ಅವಳು ಬೇಡ ಎನ್ನಲಿಲ್ಲ. ಕೊಸರಾಡುವ ಕೂಸನ್ನು ಎರಡು ಕೈಯಲ್ಲಿ ಹಿಡಿದು ಕುಳಿತಳು.

ಚಿತ್ರ ಒಣಗಿದ ಮೇಲೆ ಕೊಟ್ಟ. ಮಾತಿ ಅದನ್ನು ಬೆಳಕಿಗೆ ತಿರುಗಿಸಿದಳು.

"ಇದರಲ್ಲಿ ಏನ ತೆಗೆದೆ?"

"ಏನೂ ತೆಗೆದಿಲ್ಲೆ, ಅತ್ತಿಗೆ."

"ಅಂದೂ ಹಂಗೇ ಬಿಟ್ಟಿದ್ದರೆ ಆಗುತ್ತಿತ್ತು" ಎಂದು ಮಾತಿ ಚಿತ್ರವನ್ನು ಸೆರಗಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡು ಮಂಜಿನೊಳಗೆ ಇಳಿದು ಹೋದಳು.